ಗಲಾಟೆ ಯಾರದು, ಸಂಗೀತ ಯಾರದು?



ನಮ್ಮ ಹುಡುಗರ ಗುಂಪಲ್ಲಿ ಒಬ್ಬ ತಮ್ಮ ಕೇಳಿದ: "ಅಣ್ಣ, ನೀವು ಬಸ್ಸಲ್ಲಿ ಕಿವಿಗೆ ಸಿಗಿಸ್ಕೊಂಡು ಕೇಳೋದು ಹೋರಾಟದ ಹಾಡು ಅಂದ್ಕೊಂಡಿದ್ದೆ. ಇದೇನಣ್ಣ, ಯಾರೋ ಇಂಗ್ಲಿಷಲ್ಲಿ ಬೊಬ್ಬೆ ಹೊಡೀತಾವ್ರೆ?" ಉತ್ತರ ಉದ್ದ ಆಗುತ್ತೆ, ಅದಕ್ಕೇ ಇಲ್ಲಿ ಬರೀತಿದ್ದೀನಿ.

ಆ ಬ್ಯಾಂಡಿನ ಹೆಸರು ನೇಪಾಮ್ ಡೆತ್. ವಿಯೆಟ್ನಾಂ ಜನರ ಮೇಲೆ ಅಮೆರಿಕ ಸುರಿದ ಬೆಂಕಿಯ ಹೆಸರು ಅದು. 1981ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಹತ್ತಿರ ಮೆರಿಡನ್ ಅನ್ನೋ ಹಳ್ಳೀಲಿ ಶಾಲೆಗೆ ಹೋಗೋ ಹುಡುಗರು ಕಟ್ಟಿದ್ದು. ಥ್ಯಾಚರ್ ಕಾಲ, ಕಾರ್ಖಾನೆಗಳು ಮುಚ್ಚುತ್ತಿದ್ದವು, ಕೆಲಸ ಇರಲಿಲ್ಲ. 1987ರಲ್ಲಿ ಅವರ ಮೊದಲ ಆಲ್ಬಂ 'ಸ್ಕಮ್' ಬಂತು. ಸ್ಕಮ್ ಅಂದ್ರೆ ನೀರಿನ ಮೇಲೆ ಕಟ್ಟೋ ಕೊಳೆ. ಬೈಗುಳವಾಗಿ ಹೇಳಿದ್ರೆ ಹೊಲಸು ಜನ. ಆ ಪದ ನಮಗೆ ಹೊಸದಲ್ಲ ಬಿಡಿ. 33 ನಿಮಿಷಕ್ಕೆ 28 ಹಾಡು. ಅದರಲ್ಲಿ ಒಂದು ಹಾಡು ಬರೀ 1.316 ಸೆಕೆಂಡು! ಜಗತ್ತಿನ ಅತಿ ಚಿಕ್ಕ ಹಾಡು ಅಂತ ಗಿನ್ನೆಸ್ ದಾಖಲೆಗೆ ಸೇರಿದೆ. ನೀವು ಕೆಮ್ಮೋದ್ರೊಳಗೆ ಮುಗಿದೋಗುತ್ತೆ.

ನನಗೆ ಇದು ಸಿಕ್ಕಿದ್ದು ಬೆಂಗಳೂರಲ್ಲಿ ಅಲ್ಲ, ನಮ್ಮ ಗುರುಪುರದ ಟಿಬೆಟನ್ ಕ್ಯಾಂಪಲ್ಲಿ. ನನ್ನ ಜೊತೆ ಓದ್ತಿದ್ದ ಕ್ಯಾಂಪಿನ ಗೆಳೆಯನ ಹತ್ರ ಕಾಪಿ ಮಾಡಿದ ಕ್ಯಾಸೆಟ್ ಇತ್ತು. ಅದೇ ಕ್ಯಾಂಪಲ್ಲಿ ಗ್ಯೂಮೆ ಮಠ ಇದೆಯಲ್ಲ, ಅಲ್ಲಿನ ಲಾಮಾಗಳು ಮಂತ್ರ ಹೇಳೋದನ್ನ ಕೇಳಿದ್ದೀರಾ? ಗಂಟಲಿನ ಆಳದಿಂದ, ನೆಲದೊಳಗಿಂದ ಎದ್ದು ಬಂದ ಹಾಗೆ. ಒಂದೇ ಗಂಟಲಲ್ಲಿ ಎರಡು ಸ್ವರ ಹೊರಡುತ್ತೆ. ಅದನ್ನ ಪ್ರಪಂಚವೇ ಕೈಮುಗಿದು ಕೇಳುತ್ತೆ. ನೇಪಾಮ್ ಡೆತ್ ಹಾಡುಗಾರ ಬಾರ್ನಿ ಗ್ರೀನ್‌ವೇ ದನೀನೂ ಹೆಚ್ಚುಕಮ್ಮಿ ಅದೇ ಜಾಗದಿಂದ ಬರೋದು. ನನ್ನ ಗೆಳೆಯ ಅಂತಿದ್ದ, "ಅವರದು ಪ್ರಾರ್ಥನೆ, ಇವನದು ಶಾಪ. ಗಂಟಲು ಒಂದೇ ಕಣೋ."

ಈಗ ಅಸಲು ಮಾತಿಗೆ ಬರ್ತೀನಿ. ಯಾವುದು ಗಲಾಟೆ, ಯಾವುದು ಸಂಗೀತ ಅಂತ ತೀರ್ಮಾನ ಮಾಡೋರು ಯಾರು?

ನಮ್ಮಪ್ಪ ಹೊಗೆಸೊಪ್ಪಿನ ಬ್ಯಾರನ್‌ನಲ್ಲಿ ರಾತ್ರಿಯೆಲ್ಲ ಬೆಂಕಿ ಕಾಯ್ತಿದ್ದ. ಊರಲ್ಲಿ ಸಾವಾದ್ರೆ, ಜಾತ್ರೆ ಬಂದ್ರೆ ಹುಲ್ಲಿನ ಉರಿಗೆ ತಮಟೆ ಹಿಡಿದು ಕಾಯಿಸಿ ಬಡೀತಿದ್ದ. ದೇವರು ಹೊರಡೋಕೆ ಆ ಸದ್ದು ಬೇಕೇ ಬೇಕು. ಬಡಿದೋನು ಮಾತ್ರ ಗುಡಿಯಿಂದಾಚೆ! ವೀಣೆಗೆ ಸಭೆ, ಸನ್ಮಾನ, ಶಾಲು. ತಮಟೆಗೆ ಒಂದು ಹಿಡಿ ಅಕ್ಕಿ, ಇಲ್ಲ ಒಂದು ಪಾಕೀಟು ಸಾರಾಯಿ. ಒಂದು ಸಲ ಕಚೇರೀಲಿ ಊಟದ ಹೊತ್ತಲ್ಲಿ ನನ್ನ ಫೋನಲ್ಲಿ ತಮಟೆ ಹಾಕಿದ್ದಕ್ಕೆ ಸಹೋದ್ಯೋಗಿಯೊಬ್ಬರು "ಯಾರ್ ಸತ್ರು?" ಅಂತ ನಕ್ಕರು. ತಮಟೆ ಅಂದ್ರೆ ಹೆಣ, ಹೆಣ ಅಂದ್ರೆ ನಾವು. ಅವರ ತಲೇಲಿ ಲೆಕ್ಕ ಅಷ್ಟು ಸಲೀಸು.

ನೇಪಾಮ್ ಡೆತ್‌ನೋರು ಮಾಡಿದ್ದು ಇಷ್ಟೇ: ಹೌದಪ್ಪ, ಇದು ಗಲಾಟೆನೇ ಅಂದ್ರು. ನಿಮ್ಮ ಕಿವಿಗೆ ಹಿತ ಮಾಡೋಕೆ ನಾವು ಹುಟ್ಟಿಲ್ಲ ಅಂದ್ರು. ಅದೇ 1987ರಲ್ಲಿ ಬಿಬಿಸಿಯ ಜಾನ್ ಪೀಲ್ ಅವರನ್ನ ಕರೆದು ರೇಡಿಯೋದಲ್ಲಿ ನುಡಿಸಿದರು. ಗಲಾಟೆ ತಾನು ಬದಲಾಗದೇನೇ ಒಳಗೆ ಹೋಯ್ತು.

ಇನ್ನೊಂದು ಮಜಾ ಇದೆ. 'ಸ್ಕಮ್' ರೆಕಾರ್ಡಿನ ಒಂದು ಮಗ್ಗುಲು 1986ರಲ್ಲಿ, ಇನ್ನೊಂದು 1987ರಲ್ಲಿ ಮುದ್ರಣ ಆಯ್ತು. ಅಷ್ಟರಲ್ಲಿ ಡ್ರಮ್ಮರ್ ಮಿಕ್ ಹ್ಯಾರಿಸ್ ಬಿಟ್ಟು ಎಲ್ರೂ ಬದಲಾಗಿದ್ರು. ಆಮೇಲೆ ಅವರೂ ಹೋದ್ರು. ಈಗಿರೋರಲ್ಲಿ ಹಳಬ ಶೇನ್ ಎಂಬರಿ, ಅವರೂ 'ಸ್ಕಮ್' ಆದಮೇಲೆ ಸೇರಿದೋರು. ಆದ್ರೂ 2020ರ ಹೊತ್ತಿಗೆ 16 ಆಲ್ಬಂ ಬಂದವು. ಜನ ಹೋದ್ರು, ನಿಲುವು ಹೋಗಲಿಲ್ಲ. ನಮ್ಮ ಸಂಘಟನೆ ಎಷ್ಟು ಬಣ ಆಯ್ತು, ಯಾವ ಲೆಟರ್‌ಹೆಡ್ ಯಾರ ಹತ್ರ ಇದೆ ಅಂತ ಲೆಕ್ಕ ಹಾಕ್ತಾ ಕೂತಿರೋ ನಮಗೆ ಇದರಲ್ಲಿ ಏನೋ ಇದೆ ಅನ್ಸುತ್ತೆ.

1993ರಲ್ಲಿ ನಾಜಿಗಳ ವಿರುದ್ಧದ ಹಾಡೊಂದನ್ನ ತಮ್ಮ ದನೀಲಿ ಹಾಡಿದ್ರು. 2013ರಲ್ಲಿ ಢಾಕಾ ಹತ್ರ ರಾಣಾ ಪ್ಲಾಜಾ ಕುಸಿದು 1,100ಕ್ಕೂ ಹೆಚ್ಚು ಜನ, ಹೆಚ್ಚಿನವರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಸತ್ತರಲ್ಲ, 2015ರ ಅವರ ಆಲ್ಬಂ ಹುಟ್ಟಿದ್ದು ಆ ಸಾವುಗಳಿಂದ. ಮರುವರ್ಷ, 2016ರ ಏಪ್ರಿಲಲ್ಲಿ, ಪಿಎಫ್ ಹಣಕ್ಕೆ ಕೈ ಹಾಕಿದ್ರು ಅಂತ ಬೆಂಗಳೂರಿನ ಗಾರ್ಮೆಂಟ್ಸ್ ಅಕ್ಕತಂಗಿಯರು ರಸ್ತೆಗಿಳಿದು ಕೇಂದ್ರ ಸರ್ಕಾರವನ್ನೇ ಹಿಂದೆ ಸರಿಸಿದ್ರು. ಅವತ್ತು ಟಿವಿಯೋರು ಅದನ್ನ ಟ್ರಾಫಿಕ್ ಸಮಸ್ಯೆ ಅಂದ್ರು. ಅಂದ್ರೆ ಅದೂ ಗಲಾಟೆನೇ.

ಹಾಗಂತ ಈ ಬಿಳಿ ಹುಡುಗರನ್ನ ತಲೆ ಮೇಲೆ ಹೊತ್ಕೊಂಡಿಲ್ಲ. ಅವರ ಹಾಡಲ್ಲಿ ಬಂಡವಾಳ ಇದೆ, ಯುದ್ಧ ಇದೆ, ಧರ್ಮದ ಹೆಸರಿನ ಸುಲಿಗೆ ಇದೆ. ಜಾತಿಯನ್ನ ನಾವೇ ಹಾಡಬೇಕು. ಮತ್ತೆ, ಅವರ ಗಲಾಟೆ ಅವರೇ ಆರಿಸಿಕೊಂಡಿದ್ದು. ನಮ್ಮಪ್ಪನಿಗೆ ಆ ಆಯ್ಕೆ ಇರಲಿಲ್ಲ.

ಈ ವ್ಯತ್ಯಾಸ ನಮ್ಮ ಕೇರೀಲಿ ಈಗ ಜಗಳ ಆಗಿ ಕೂತಿದೆ. ಹುಡುಗರು ತಮಟೆ ತಂಡ ಕಟ್ತೀವಿ ಅಂತಾರೆ. ಹಿರೀಕರು, "ಬಡಿಯಲ್ಲ ಅಂತ ನಿಂತು ಬಹಿಷ್ಕಾರ ತಿಂದೋರು ನಾವು. ಮತ್ತೆ ಅದನ್ನೇ ಕೊರಳಿಗೆ ಹಾಕ್ಕೊಳ್ತೀರಾ?" ಅಂತ ಸಿಟ್ಟಾಗ್ತಾರೆ. ಇಬ್ಬರದೂ ಸರಿ. ಅದಕ್ಕೇ ನನ್ನ ಮಾತು: ಊರವರು ಕರೆದಾಗ ಬಡಿಯೋದು ಬೇಡ, ನಮಗೆ ಬೇಕಾದಾಗ ಬಡಿಯೋಣ. ಏಪ್ರಿಲ್ 14ಕ್ಕೆ ಬಡಿಯೋಣ, ತಾಲ್ಲೂಕು ಕಚೇರಿ ಮುಂದೆ ಬಡಿಯೋಣ. ಹೆಣದ ಮುಂದೆ ಮಾತ್ರ ಕೂಲಿಗೆ ಬೇಡ.

ಇನ್ನೊಂದು ಕೆಲಸ ಇದೆ. ಮೆರಿಡನ್ ಹುಡುಗರ 1.316 ಸೆಕೆಂಡೂ ಪ್ರಪಂಚದ ಕಪಾಟಲ್ಲಿ ಭದ್ರವಾಗಿದೆ. ನಮ್ಮಪ್ಪ ನಲವತ್ತು ವರ್ಷ ಬಡಿದದ್ದರಲ್ಲಿ ಒಂದು ಸೆಕೆಂಡೂ ಎಲ್ಲೂ ಉಳಿದಿಲ್ಲ. ಹಳೇ ವರಸೆ ಗೊತ್ತಿರೋ ಹಿರೀಕರು ನಮ್ಮ ಕೇರೀಲಿ ನಾಲ್ಕೇ ಜನ. ಬರೋ ಭಾನುವಾರ ಫೋನ್ ಚಾರ್ಜ್ ಮಾಡ್ಕೊಂಡು ಬನ್ನಿ ತಮ್ಮಂದಿರಾ. ಅವರು ಒಪ್ಪಿದ್ರೆ ರೆಕಾರ್ಡ್ ಮಾಡೋಣ, ಅವರ ಹೆಸರು ಮೊದಲು ಹಾಕೋಣ. ಒಪ್ಪದೇ ಇದ್ರೆ, ಯಾಕೆ ಒಪ್ಪಲ್ಲ ಅಂತ ಹೇಳ್ತಾರಲ್ಲ, ಆ ಮಾತನ್ನಾದ್ರೂ ರೆಕಾರ್ಡ್ ಮಾಡೋಣ.

ಜೈ ಭೀಮ್.