ಸಾಲಿಗೊಂದು ಕಾರಣ

ಚಿ. ಚಿನ್ನುವಿಗೆ,

ನೀನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಲೆಕ್ಕದ ಫೋಟೋ ನೋಡಿದೆ. ಫೋನಿನಲ್ಲೇ ಹೇಳಿ ಮುಗಿಸಬಹುದಿತ್ತು. ಆದರೆ ಲೆಕ್ಕದ ಮಾತು ಕಾಗದದ ಮೇಲಿದ್ದರೇ ಚೆನ್ನ. ಪೆನ್ಸಿಲ್ ಹಿಡಿದುಕೊಂಡು ಓದು.

ಲಂಬಕೋನ ತ್ರಿಭುಜ, ಪಾದ ಎತ್ತರಕ್ಕಿಂತ 7 ಸೆಂ.ಮೀ. ಹೆಚ್ಚು; ವಿಕರ್ಣ 13 ಸೆಂ.ಮೀ. ಉಳಿದೆರಡು ಬಾಹು ಎಷ್ಟು? ಎತ್ತರಕ್ಕೆ ‘ಎ’ ಎಂದು ಇಟ್ಟುಕೊಳ್ಳೋಣ. ಎಕ್ಸ್ ಎಂದೇ ಬರೆಯಬೇಕೆಂಬ ಕಟ್ಟುಪಾಡೇನಿಲ್ಲ. ಭಾಸ್ಕರಾಚಾರ್ಯರು ‘ಯಾ’, ‘ಕಾ’, ‘ನೀ’ ಎಂಬ ಅಕ್ಷರಗಳನ್ನಿಟ್ಟುಕೊಂಡು ಬೀಜಗಣಿತ ಮಾಡಿದವರು. ಪಾದ ಎ + 7. ಪೈಥಾಗೊರಸ್ ಪ್ರಮೇಯದ ಪ್ರಕಾರ

ಎ² + (ಎ + 7)² = 169

ಇಲ್ಲಿಯವರೆಗೆ ನಿನ್ನದು ಸರಿ. ಮುಂದಿನ ಸಾಲಿನಲ್ಲಿ (ಎ + 7)² ಅನ್ನು ಎ² + 49 ಎಂದು ಬಿಡಿಸಿದ್ದೀಯ. ನಡುವಿನ 14ಎ ಎಲ್ಲಿ ಹೋಯಿತು, ಪುಟ್ಟಿ? ಬದಿ ಎ + 7 ಇರುವ ಒಂದು ಚೌಕ ಬರೆದು, ಅಡ್ಡ ಒಂದು, ಉದ್ದ ಒಂದು ಗೆರೆ ಎಳೆದು ನಾಲ್ಕು ಭಾಗ ಮಾಡು. ಒಂದು ಎ² ಚೌಕ, ಇನ್ನೊಂದು 49ರ ಚೌಕ. ಉಳಿದ ಎರಡು ಆಯತಗಳು ಒಂದೊಂದೂ 7ಎ. ನೀನು ಬಿಟ್ಟದ್ದು ಆ ಎರಡು ಆಯತಗಳನ್ನು.

ಹಾಗಾಗಿ ನಿನಗೆ ಎ² = 60 ಬಂತು. ಎತ್ತರ ಸುಮಾರು 7.75, ಪಾದ 14.75. ಅಲ್ಲೇ ಒಂದು ಕ್ಷಣ ನಿಲ್ಲಬೇಕಿತ್ತು. ಲಂಬಕೋನ ತ್ರಿಭುಜದಲ್ಲಿ ವಿಕರ್ಣಕ್ಕಿಂತ ಉದ್ದದ ಬಾಹು ಇರುವುದುಂಟೇ? ಬೀಜಗಣಿತದಲ್ಲಿ ನುಸುಳಿದ ತಪ್ಪನ್ನು ರೇಖಾಗಣಿತ ಹಿಡಿದುಕೊಟ್ಟಿತು ನೋಡು.

ಸರಿಯಾಗಿ ಬಿಡಿಸಿದರೆ 2ಎ² + 14ಎ − 120 = 0. ಎರಡರಿಂದ ಭಾಗಿಸಿದರೆ ಎ² + 7ಎ − 60 = 0. ಗುಣಿಸಿದರೆ −60, ಕೂಡಿಸಿದರೆ 7 ಆಗುವ ಸಂಖ್ಯೆಗಳು 12 ಮತ್ತು −5. ಆದ್ದರಿಂದ (ಎ + 12)(ಎ − 5) = 0. ಗುಣಲಬ್ಧ ಸೊನ್ನೆಯಾದರೆ ಎರಡರಲ್ಲಿ ಒಂದಾದರೂ ಸೊನ್ನೆಯಾಗಲೇಬೇಕು. ಈ ಕಾರಣವನ್ನು ಬರೆಯದೆ ಮುಂದಿನ ಸಾಲಿಗೆ ಹೋಗಬೇಡ. ಎ = 5 ಅಥವಾ −12. ಉದ್ದ ಋಣಸಂಖ್ಯೆ ಆಗದು, ಹಾಗಾಗಿ ಎತ್ತರ 5, ಪಾದ 12. 25 + 144 = 169, ತಾಳೆಯಾಯಿತು.

ಅಪವರ್ತನ ಥಟ್ಟನೆ ಹೊಳೆಯದಿದ್ದರೆ? ಎ² + 7ಎ = 60 ಎಂದಿಟ್ಟುಕೊ. ಎ²ದ ಸಹಗುಣಕದ ನಾಲ್ಕರಷ್ಟರಿಂದ ಎರಡೂ ಕಡೆ ಗುಣಿಸು, ಆಮೇಲೆ ಎಗೆ ಮೊದಲಿದ್ದ ಸಹಗುಣಕ 7ರ ವರ್ಗವನ್ನು ಎರಡೂ ಕಡೆ ಕೂಡಿಸು: 4ಎ² + 28ಎ + 49 = 289. ಎಡಗಡೆ (2ಎ + 7)², ಬಲಗಡೆ 17². ಮುಂದಿನದು ನಿನಗೇ ಗೊತ್ತು. ಭಿನ್ನರಾಶಿಯ ಕಾಟವೇ ಇಲ್ಲ! ಈ ಉಪಾಯ ಶ್ರೀಧರಾಚಾರ್ಯರದು ಎಂದು ಭಾಸ್ಕರಾಚಾರ್ಯರೇ ಹೇಳಿದ್ದಾರೆ. ನೀನು ಉರು ಹೊಡೆಯುತ್ತಿರುವ ವರ್ಗ ಸಮೀಕರಣದ ಸೂತ್ರ ಹುಟ್ಟುವುದೂ ಇದೇ ದಾರಿಯಲ್ಲಿ. ಒಮ್ಮೆ ಅಕ್ಷರಗಳನ್ನಿಟ್ಟು ಮಾಡಿ ನೋಡು.

ಪ್ರಮೇಯಗಳೆಂದರೆ ಭಯ ಎಂದಿದ್ದೀಯ. ವೃತ್ತದ ಹೊರಗಿನ ಒಂದು ಬಿಂದುವಿನಿಂದ ಎಳೆದ ಎರಡು ಸ್ಪರ್ಶಕಗಳು ಸಮ ಎಂಬುದನ್ನೇ ತಗೋ. ದತ್ತ, ಸಾಧನೀಯ ಬರೆದ ಮೇಲೆ ಬರುವ ‘ರಚನೆ’ಯೇ ಇಲ್ಲಿನ ಜೀವ. ವೃತ್ತದ ಕೇಂದ್ರದಿಂದ ಎರಡು ಸ್ಪರ್ಶಬಿಂದುಗಳಿಗೂ, ಹೊರಗಿನ ಬಿಂದುವಿಗೂ ಗೆರೆ ಎಳೆದುಬಿಡು. ಎರಡು ತ್ರಿಭುಜಗಳು ಎದ್ದು ಕಾಣುತ್ತವೆ. ಸ್ಪರ್ಶಬಿಂದುವಿನಲ್ಲಿ ತ್ರಿಜ್ಯವು ಸ್ಪರ್ಶಕಕ್ಕೆ ಲಂಬ, ಆದ್ದರಿಂದ ಎರಡರಲ್ಲೂ ಲಂಬಕೋನ. ವಿಕರ್ಣ ಎರಡಕ್ಕೂ ಒಂದೇ. ತ್ರಿಜ್ಯಗಳು ಸಮ. ಅಲ್ಲಿಗೆ ತ್ರಿಭುಜಗಳು ಸರ್ವಸಮ, ಸ್ಪರ್ಶಕಗಳೂ ಸಮ. ಚಿತ್ರದಲ್ಲಿ ಸಮವಾಗಿ ಕಾಣುತ್ತದೆ ಎಂಬುದು ಕಾರಣವಲ್ಲ. ಕಣ್ಣು ಮೋಸ ಹೋಗಬಹುದು, ಈ ಮೂರು ಮಾತು ಮೋಸ ಮಾಡುವುದಿಲ್ಲ.

ಹಂತ ಹಂತವಾಗಿ ಬರೆಯಿರಿ ಎಂದು ಮೇಷ್ಟ್ರು ಹೇಳುವುದು ಬರೀ ಅಂಕಕ್ಕಾಗಿ ಅಂದುಕೊಂಡಿದ್ದೀಯ. ಎಸ್‌ಎಸ್‌ಎಲ್‌ಸಿಯಲ್ಲಿ ಹಂತಕ್ಕೆ ಅಂಕ ಇದೆ, ನಿಜ. ಅಂಕ ಒತ್ತಟ್ಟಿಗಿರಲಿ, ಒಂದು ಸಾಲಿನಿಂದ ಇನ್ನೊಂದಕ್ಕೆ ಯಾವ ಹಕ್ಕಿನಿಂದ ಬಂದೆ ಎಂದು ನಿನ್ನನ್ನು ನೀನೇ ಕೇಳಿಕೊಳ್ಳುವ ಅಭ್ಯಾಸ ಅದು. ಆ ಅಭ್ಯಾಸ ಇರುವವಳಿಗೆ ಗೈಡೂ ಬೇಡ, ಉತ್ತರ ಸರಿಯೇ ಎಂದು ಯಾರ ಮುಖವನ್ನೂ ನೋಡಬೇಕಾಗಿಲ್ಲ.

ಕೊನೆಗೆ ಒಂದು ಲೆಕ್ಕ. ಭಾಸ್ಕರಾಚಾರ್ಯರು 1150ರಲ್ಲಿ ಮುಗಿಸಿದ ‘ಸಿದ್ಧಾಂತ ಶಿರೋಮಣಿ’ಯ ಬೀಜಗಣಿತ ಭಾಗದ್ದು. ಒಂದು ಕಪಿಗಳ ಹಿಂಡು. ಅದರ ಐದನೇ ಒಂದು ಭಾಗದಲ್ಲಿ 3 ಕಳೆದು, ಬಂದದ್ದನ್ನು ವರ್ಗ ಮಾಡಿದಷ್ಟು ಕಪಿಗಳು ಗುಹೆ ಹೊಕ್ಕವು. ಉಳಿದದ್ದು ಕೊಂಬೆಯ ಮೇಲೆ ಒಂದೇ ಒಂದು. ಹಿಂಡಿನಲ್ಲಿ ಎಷ್ಟು ಕಪಿಗಳು? ಎರಡು ಉತ್ತರ ಬರುತ್ತವೆ, ಎರಡೂ ಧನಸಂಖ್ಯೆಗಳೇ. ಆದರೂ ಆಚಾರ್ಯರು ಒಂದನ್ನು ಒಪ್ಪಲಿಲ್ಲ. ಯಾವುದನ್ನು, ಯಾಕೆ? ಸಾಲಿಗೊಂದು ಕಾರಣ ಬರೆದು ಕಳಿಸು. ಬರೀ ಉತ್ತರ ಕಳಿಸಿದರೆ ನಾನು ನೋಡುವುದಿಲ್ಲ.

ಅಪ್ಪ ಅಮ್ಮನಿಗೆ ಕೇಳಿದೆ ಎಂದು ಹೇಳು.

ಇತಿ,
ನಿನ್ನ ದೊಡ್ಡಪ್ಪ