ದ್ರಾಕ್ಷಿತೋಟದಿಂದ ದೀಪಸ್ತಂಭದವರೆಗೆ

ನನ್ನ ತವರು ಕುಳಗಿ. ದಾಂಡೇಲಿಯಿಂದ ಅಂಬಿಕಾನಗರಕ್ಕೆ ಹೋಗುವ ದಾರಿಯಲ್ಲಿ ಅಡವಿಯ ನಡುವೆ ಇರುವ ಚಿಕ್ಕ ಊರು. ಅರಣ್ಯ ಇಲಾಖೆಯ ನಿಸರ್ಗ ಶಿಬಿರದಿಂದಾಗಿ ಈಗ ಪ್ರವಾಸಿಗರಿಗೂ ಪರಿಚಿತವಾಗಿದೆ. ಮದುವೆಯಾದ ಮೇಲೆ ನಾನು ಸಂಸಾರ ಹೂಡಿದ್ದು ಕಾಳಿ ಜಲವಿದ್ಯುತ್ ಯೋಜನೆಯ ಅಂಬಿಕಾನಗರದಲ್ಲಿ. ಅಲ್ಲಿ ಪಕ್ಕದ ಮನೆಯ ಗೆಳತಿ ನನಗೆ ಒಡಹುಟ್ಟಿದವಳಂತಿದ್ದಳು. 1992ರಲ್ಲಿ ಆ ಕುಟುಂಬ ಆಸ್ಟ್ರೇಲಿಯಾದ ಮೆಲ್ಬರ್ನ್ ನಗರಕ್ಕೆ ಹೋಗಿ ನೆಲೆಸಿತು. 2019ರ ಮಾರ್ಚ್ ತಿಂಗಳಲ್ಲಿ ಅದೇ ನಗರದಲ್ಲಿರುವ ಮಗನ ಮನೆಗೆ ಹೋಗಿದ್ದಾಗ ಅವಳೊಡನೆ ಕಳೆದ ಒಂದು ದಿನದ ಅನುಭವವನ್ನು ಓದುಗ ಬಂಧುಗಳೊಡನೆ ಹಂಚಿಕೊಳ್ಳಬಯಸುತ್ತೇನೆ.

ಮೊದಲು ಒಂದು ಹಳೆಯ ಮಾತನ್ನು ಹೇಳಬೇಕು. ನನ್ನ ಅಣ್ಣ ಕಟ್ಟಿಗೆಯ ಲಾರಿ ಓಡಿಸುತ್ತಿದ್ದ. ಸಾರಾಯಿ ಮೊದಲು ಅವನ ಗಳಿಕೆಯನ್ನು ತಿಂದಿತು. 2001ರಲ್ಲಿ ಅವನನ್ನೇ ಕೊಂಡೊಯ್ದಿತು. ಎರಡು ವರ್ಷಗಳ ನಂತರ ಗೆಳತಿ ಊರಿಗೆ ಬಂದಾಗ ತೋರಿಸಿದ ಚಿತ್ರಗಳಲ್ಲಿ ಅವಳ ಊಟದ ಮೇಜಿನ ಮೇಲೆ ವೈನ್ ತುಂಬಿದ ಲೋಟಗಳಿದ್ದವು. ನನ್ನ ನಾಲಿಗೆ ಹಿಡಿತ ತಪ್ಪಿತು. "ಇನ್ನು ನಿಮ್ಮ ಮನೆಯ ನೀರನ್ನೂ ಮುಟ್ಟೆನು" ಎಂದುಬಿಟ್ಟೆ. ಅವಳು ಮರುಮಾತಾಡಲಿಲ್ಲ. ಅಂದಿನಿಂದ ಪತ್ರಗಳು ವಿರಳವಾದವು.

ನಾನು ಬಂದಿರುವ ಸುದ್ದಿ ತಿಳಿದು ಅವಳೇ ಫೋನ್ ಮಾಡಿದಳು. ಮಾರ್ನಿಂಗ್ಟನ್ ಪರ್ಯಾಯದ್ವೀಪಕ್ಕೆ ಹೋಗುವುದೆಂದೂ, ಅಲ್ಲಿ ದ್ರಾಕ್ಷಿತೋಟಗಳೂ ಕಡಲತೀರವೂ ಒಂದೇ ದಿನದಲ್ಲಿ ನೋಡಸಿಗುವುವೆಂದೂ ಹೇಳಿ, ತುಸು ತಡೆದು, "ನಿನಗೆ ಮನಸ್ಸಿಲ್ಲದಿದ್ದರೆ ತೋಟಗಳು ಬೇಡ" ಎಂದಳು. ನೋಡೋಣವೆಂದು ಒಪ್ಪಿದೆ.

ಪೋರ್ಟ್ ಫಿಲಿಪ್ ಕೊಲ್ಲಿಯ ಅಂಚಿನಲ್ಲಿ ದಕ್ಷಿಣಕ್ಕೆ ಸಾಗಿ ರೆಡ್ ಹಿಲ್ ಎಂಬ ಗುಡ್ಡನಾಡನ್ನು ಸೇರಿದೆವು. ನಮ್ಮಲ್ಲಿ ಬೇಸಿಗೆ ಕಾಲಿಡುವಾಗ ಅಲ್ಲಿ ಶರದೃತು. ದ್ರಾಕ್ಷಿಯ ಸುಗ್ಗಿ ನಡೆದಿತ್ತು. ಹಕ್ಕಿಗಳ ಕಾಟಕ್ಕೆ ಸಾಲುಗಳಿಗೆ ಬಲೆ ಹೊದಿಸಿದ್ದರು. ತೋಟದವರು ಸಾವಧಾನದಿಂದ ಎಲ್ಲವನ್ನೂ ವಿವರಿಸಿದರು. ಆ ಚಳಿನಾಡಿನಲ್ಲಿ ಬಳ್ಳಿ ಎಲೆಯುದುರಿಸಿ ಮಲಗುತ್ತದೆ. ವರ್ಷಕ್ಕೆ ಒಂದೇ ಬೆಳೆ. ನಮ್ಮ ವಿಜಯಪುರದಲ್ಲಿ ಬಳ್ಳಿಗೆ ಅಂಥ ನಿದ್ರೆಯಿಲ್ಲ. ಆದುದರಿಂದ ರೈತರು ಏಪ್ರಿಲ್ ಸುಮಾರಿಗೆ ಒಮ್ಮೆ, ಅಕ್ಟೋಬರ್ ಸುಮಾರಿಗೆ ಇನ್ನೊಮ್ಮೆ ಚಾಟನಿ ಮಾಡಿ ಫಲ ಪಡೆಯುತ್ತಾರೆ. ಕೆಂಪು ವೈನಿನ ಬಣ್ಣ ಹಣ್ಣಿನ ತಿರುಳಿನದಲ್ಲ, ಸಿಪ್ಪೆಯದು ಎಂಬುದನ್ನು ಅಲ್ಲಿಯೇ ತಿಳಿದೆ. ಪಿನೋ ನ್ವಾರ್ ಎಂಬ ಜಾತಿಯ ಒಂದು ಗೊಂಚಲನ್ನು ನನ್ನ ಕೈಗಿತ್ತರು. ಕಾಳು ಸಣ್ಣವು, ಬೀಜವುಳ್ಳವು, ಬಹಳ ಸಿಹಿ. ಬೆರಳುಗಳ ತುಂಬ ಕಲೆಯಾಗಿದ್ದ ಆ ಮುದುಕನ ಮುಖದಲ್ಲಿ ನನ್ನ ಅಣ್ಣನನ್ನು ಕೊಂದ ವೈರಿಯನ್ನು ಹುಡುಕಿದೆ. ಕಂಡದ್ದು ಮಳೆಗೆ ಹೆದರುವ ಒಬ್ಬ ರೈತ.

ರುಚಿ ನೋಡುವ ಕೋಣೆಯಲ್ಲಿ ಲೋಟಕ್ಕೆ ಒಂದು ಗುಟುಕಿನಷ್ಟೇ ಸುರಿಯುತ್ತಾರೆ. ಬಾಯಿಯಲ್ಲಾಡಿಸಿ ಉಗುಳಲು ಪಾತ್ರೆಯೂ ಇರುತ್ತದೆ. ಗೆಳತಿ ನನ್ನೆದುರು ಲೋಟ ಮುಟ್ಟಲು ಅಳುಕಿದಳು. ಅವಳ ಯಜಮಾನರು ನೀರನ್ನಷ್ಟೇ ಕುಡಿದರು. "ಇಂದು ವಾಹನ ನನ್ನ ಕೈಯಲ್ಲಿದೆ" ಎಂದರು. ಅಲ್ಲಿ ಚಾಲಕನ 100 ಮಿಲಿಲೀಟರ್ ರಕ್ತದಲ್ಲಿ 0.05 ಗ್ರಾಂ ಮದ್ಯಸಾರ ಕಂಡರೆ ಅಪರಾಧ. 1976ರಿಂದಲೂ ಆ ರಾಜ್ಯದ ಪೊಲೀಸರು ರಸ್ತೆಯಲ್ಲಿ ಯಾರನ್ನಾದರೂ ನಿಲ್ಲಿಸಿ ಉಸಿರು ಪರೀಕ್ಷಿಸುತ್ತಾರೆ. ನಮ್ಮ ದೇಶದ ಮಿತಿ ಇನ್ನೂ ಬಿಗಿಯಾದುದು, 0.03 ಗ್ರಾಂ. ಆದರೆ ನನ್ನ ಅಣ್ಣನ ಲಾರಿಯನ್ನು ಯಾರೂ ಎಂದೂ ತಡೆದು ಪರೀಕ್ಷಿಸಲಿಲ್ಲ. ನಮ್ಮ ರಾಜ್ಯದಲ್ಲಿ ಸಾರಾಯಿ ನಿಷೇಧವಾದದ್ದು 2007ರ ಜುಲೈಯಲ್ಲಿ. ಅದೇ ವರ್ಷ ಸರಕಾರ ವೈನ್ ಉದ್ಯಮಕ್ಕೆ ಪ್ರೋತ್ಸಾಹದ ನೀತಿಯನ್ನೂ ತಂದಿತು. ಈ ಎರಡನ್ನೂ ಒಟ್ಟಿಗೆ ನೆನೆದಾಗ ನನ್ನ ಮನಸ್ಸು ಇಂದಿಗೂ ಗೊಂದಲಗೊಳ್ಳುತ್ತದೆ.

ಎರಡನೆಯ ತೋಟದಲ್ಲಿ ನಾನು ಹೊರಗಿನ ಬೆಂಚಿನ ಮೇಲೆಯೇ ಕುಳಿತೆ. ಬಳಿಕ ಪರ್ಯಾಯದ್ವೀಪದ ದಕ್ಷಿಣ ತುದಿಯ ಕೇಪ್ ಶಾಂಕ್ ತಲುಪಿದೆವು. 1859ರಲ್ಲಿ ಸುಣ್ಣದಕಲ್ಲಿನಿಂದ ಕಟ್ಟಿದ ಬಿಳಿಯ ದೀಪಸ್ತಂಭ ಅಲ್ಲಿದೆ. ಕೆಳಗೆ ಬಾಸ್ ಜಲಸಂಧಿಯ ಅಲೆಗಳು ಕಪ್ಪು ಬಂಡೆಗಳಿಗೆ ಅಪ್ಪಳಿಸುತ್ತಿದ್ದವು. ಬುತ್ತಿ ಬಿಚ್ಚಿದಾಗ ನೋಡಿದರೆ ಜೋಳದ ರೊಟ್ಟಿ, ಶೇಂಗಾ ಹಿಂಡಿ! ನನಗಾಗಿ ನಸುಕಿನಲ್ಲೆದ್ದು ಬಡಿದಿದ್ದಳು. ಕುಳಗಿಯ ಕಾಡು ದಾಟಿದ ಕಾಳಿ ಕಾರವಾರದಲ್ಲಿ ಕಡಲು ಸೇರುವುದನ್ನು ನೋಡಲು ನಾವಿಬ್ಬರೂ ಒಮ್ಮೆ ಹೋಗಿದ್ದುದನ್ನು ನೆನಪಿಸಿದಳು.

ನಾನು ತಡೆಯಲಾರದೆ, "ಅಂದು ಆಡಿದ ಮಾತು ತಪ್ಪಾಯಿತು" ಎಂದೆ. ಅವಳು ಬಹಳ ಹೊತ್ತು ಸಮುದ್ರವನ್ನೇ ನೋಡಿ, "ನಾವು ಅಂಬಿಕಾನಗರ ಬಿಡುವಾಗ ಮನೆಯ ಸಾಮಾನನ್ನೆಲ್ಲ ಹುಬ್ಬಳ್ಳಿಗೆ ಮುಟ್ಟಿಸಿದವನು ನಿನ್ನ ಅಣ್ಣ. ಬಾಡಿಗೆ ಕೊಡಹೋದರೆ ಕೈ ಹಿಂದಕ್ಕೆ ಕಟ್ಟಿಕೊಂಡ. ಅವನು ಹೋದ ಸುದ್ದಿ ಕೇಳಿ ನಾನೂ ಅತ್ತಿದ್ದೆ. ಅದನ್ನು ಹೇಳಲು ನೀನು ಬಿಡಲಿಲ್ಲ" ಎಂದಳು. ಈ ಸಂಗತಿ ನನಗೆ ತಿಳಿದೇ ಇರಲಿಲ್ಲ.

ಮದ್ಯವನ್ನು ಮುಟ್ಟದ ನನ್ನ ನೇಮ ಅಂದಿಗೂ ಇಂದಿಗೂ ಅಚಲ. ಆದರೆ ನೇಮದ ಹೆಸರಿನಲ್ಲಿ ಹದಿನಾರು ವರ್ಷ ಗೆಳತಿಯನ್ನು ದೂರವಿಟ್ಟವಳು ನಾನೇ. ಅಣ್ಣನ ದುಃಖವನ್ನು ಹಂಚಿಕೊಳ್ಳಬಲ್ಲವಳನ್ನೇ ದೂರ ಮಾಡಿಕೊಂಡಿದ್ದೆ. ಮನೆಯಲ್ಲಿ ನೇಮ ಕಲಿಸುವ ಹಿರಿಯರು ಅದರೊಡನೆ ಮಾತಿನ ಮಿತಿಯನ್ನೂ ಮಕ್ಕಳಿಗೆ ಕಲಿಸಬೇಕೆಂಬುದು ನನ್ನ ವಿನಮ್ರ ಅನಿಸಿಕೆ.

ಸಂಜೆ ಅವಳ ಮನೆಗೆ ಹೋದೆವು. ಬಾಗಿಲಲ್ಲೇ ತಂಬಿಗೆಯಲ್ಲಿ ನೀರು ತಂದಿತ್ತಳು. ಕುಡಿದೆ.