ಹತ್ತು ಪಾಯಿಂಟ್ ಎಂಟು

ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಂಡ ಯಾರನ್ನಾದರೂ ಕೇಳಿ, ಸರಳ ಲೋಲಕದ ಪ್ರಯೋಗ ನೆನಪಿರುತ್ತದೆ. ದಾರ, ಗುಂಡು, ಸ್ಟಾಪ್‌ವಾಚು. 20 ಆಂದೋಲನಕ್ಕೆ ಹಿಡಿದ ಹೊತ್ತನ್ನು ಬರೆದುಕೊಂಡು ಗುರುತ್ವ ವೇಗೋತ್ಕರ್ಷ ಕಂಡುಹಿಡಿಯಬೇಕು. ಉತ್ತರ 9.8 ಎಂದು ಲ್ಯಾಬಿಗೆ ಕಾಲಿಡುವ ಮೊದಲೇ ಗೊತ್ತು. ಹಾಗಾಗಿ ಎಷ್ಟೋ ಮಕ್ಕಳು ಮೊದಲು ಉತ್ತರ ಬರೆದು, ಆಮೇಲೆ ಅದಕ್ಕೆ ಹೊಂದುವ ರೀಡಿಂಗು ಕೂರಿಸುತ್ತಾರೆ. ರೆಕಾರ್ಡು ನೋಡಲು ಚೆಂದ: ಗೆರೆಯಿಲ್ಲದ ಪುಟದಲ್ಲಿ ಪೆನ್ಸಿಲ್ ಚಿತ್ರ, ಸ್ಕೇಲಿಟ್ಟು ಎಳೆದ ಟೇಬಲ್ಲು, ಎಲ್ಲೂ ಒಂದು ಕಾಟಿಲ್ಲ.

ಆ ಕಾಟಿಲ್ಲದ ಪುಟ ಕಂಡರೆ ನನಗೆ ಸಂಕಟವಾಗುತ್ತದೆ. ಒಂದು ಮೀಟರ್ ಉದ್ದದ ಲೋಲಕ ಒಮ್ಮೆ ಹೋಗಿಬರಲು ಸುಮಾರು 2 ಸೆಕೆಂಡು ಬೇಕು. ವಾಚು ಒತ್ತುವಾಗ ‘ಸೊನ್ನೆ’ ಎನ್ನುವ ಬದಲು ‘ಒಂದು’ ಎಂದು ಎಣಿಕೆ ಶುರುಮಾಡಿದರೆ 19 ಆಂದೋಲನವೇ 20 ಆಗಿಬಿಡುತ್ತದೆ, ಉತ್ತರ 10.8ರ ಹತ್ತಿರ ಬರುತ್ತದೆ. ಗುಂಡಿನ ನಡುವಿನವರೆಗೆ ಅಳೆಯದೆ ಕೊಕ್ಕೆಗೇ ಟೇಪು ನಿಲ್ಲಿಸಿದರೆ ಉತ್ತರ ತುಸು ಇಳಿಯುತ್ತದೆ. ಹುಡುಗಿ ಎಲ್ಲಿ ಎಡವಿದಳು ಎಂಬುದನ್ನು ಅವಳ ತಪ್ಪು ಅಂಕಿಯೇ ಮೇಷ್ಟ್ರಿಗೆ ಹೇಳುತ್ತಿರುತ್ತದೆ. 9.8 ಎಂದು ತಿದ್ದಿದ ಮೇಲೆ ಹೇಳಲು ಏನೂ ಉಳಿಯುವುದಿಲ್ಲ. (ಬೆಂಗಳೂರಿನಲ್ಲಿ ನಿಜವಾದ ಬೆಲೆ 9.78ರ ಆಸುಪಾಸು. ಅದನ್ನೂ ಮಕ್ಕಳಿಗೆ ಹೇಳಬೇಕು.) ಭೌತಶಾಸ್ತ್ರದ 100 ಅಂಕಗಳಲ್ಲಿ 30 ಪ್ರಾಕ್ಟಿಕಲ್ಲಿಗೇ ಮೀಸಲು. ವೈವಾದಲ್ಲಿ ‘ಲೋಲಕ ಎಂದರೇನು’ ಎನ್ನುವುದನ್ನು ಬಿಟ್ಟು ‘ಇಷ್ಟು ಯಾಕೆ ಬಂತಮ್ಮ?’ ಎಂದು ಕೇಳಿದರೆ ಆ 30ಕ್ಕೊಂದು ಅರ್ಥ ಬರುತ್ತದೆ.

ಹೀಗೆ ಕೇಳಿದವರು ಇದ್ದರು. ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ 1972ರಲ್ಲಿ 16 ಶಾಲೆಗಳಲ್ಲಿ ಒಂದು ವಿಜ್ಞಾನ ಬೋಧನಾ ಕಾರ್ಯಕ್ರಮ ಶುರುವಾಯಿತು. ಹಳ್ಳಿಯ ಮಕ್ಕಳು ಕಿಟ್ ಹಿಡಿದು ಪ್ರಯೋಗ ಮಾಡಿ, ಕಂಡದ್ದನ್ನು ತಮ್ಮ ಮಾತಿನಲ್ಲಿ ಬರೆಯುತ್ತಿದ್ದರು. ಪರೀಕ್ಷೆಗೆ ‘ಬಾಲ ವೈಜ್ಞಾನಿಕ’ ಪುಸ್ತಕವನ್ನೂ ತಮ್ಮ ನೋಟ್‌ಬುಕ್ಕನ್ನೂ ತೆಗೆದುಕೊಂಡು ಹೋಗಬಹುದಿತ್ತು. ಪ್ರಾಕ್ಟಿಕಲ್ ಪರೀಕ್ಷೆ ಬೇರೆ ಇತ್ತು. ಬಾಯಿಪಾಠ ಮಾಡಿ ಬಂದವನಿಗೆ ಅಲ್ಲಿ ಹೆಚ್ಚೇನೂ ದಕ್ಕುತ್ತಿರಲಿಲ್ಲ. ಮಕ್ಕಳು ಪ್ರಶ್ನೆ ಬರೆದು ಕಳಿಸಲೆಂದೇ ಸವಾಲೀರಾಮ್ ಎಂಬ ಕಲ್ಪಿತ ವ್ಯಕ್ತಿಯೊಬ್ಬ ಇದ್ದ. ನನಗೆ ಬಹಳ ಇಷ್ಟವಾದ ಏರ್ಪಾಡು ಅದು. ಜಿಲ್ಲೆಯ ಎಲ್ಲ ಮಾಧ್ಯಮಿಕ ಶಾಲೆಗಳಿಗೂ ಹಬ್ಬಿದ್ದ ಈ ಕಾರ್ಯಕ್ರಮವನ್ನು 2002ರಲ್ಲಿ ಸರ್ಕಾರ ನಿಲ್ಲಿಸಿತು. 30 ವರ್ಷ ನಡೆದದ್ದು ನಿಂತಿತಲ್ಲ ಎಂಬ ನೋವು ನನಗೆ ಇನ್ನೂ ಇದೆ.

ಹೋಂವರ್ಕಿಗೂ ಇದೇ ಮಾತು. ಪಾಠದ ಕೊನೆಯ ಪ್ರಶ್ನೋತ್ತರ ಗೈಡಿನಿಂದ ನೋಟ್‌ಬುಕ್ಕಿಗೆ ಇಳಿಯುವುದು ಬರೀ ಕೈನೋವು. ಅದರ ಬದಲು ಬಾಗಿಲ ಚೌಕಟ್ಟಿಗೆ ದಾರ ಕಟ್ಟಿ, ಕಲ್ಲು ತೂಗಿಬಿಟ್ಟು, ಅಮ್ಮನ ಮೊಬೈಲಿನಲ್ಲಿ ಹೊತ್ತು ನೋಡಿ ಬರಲಿ. ಬೆಳಿಗ್ಗೆ ಎಲ್ಲ ಮನೆಗಳ ಅಂಕಿಯನ್ನೂ ಬೋರ್ಡಿನ ಮೇಲೆ ಬರೆಸಿ, ಮೇಷ್ಟ್ರೇ. ಒಂದನ್ನೂ ಅಳಿಸಬೇಡಿ. ಯಾರದ್ದು ಯಾಕೆ ಬೇರೆಯಾಯಿತು ಎಂದು ಅವರವರೇ ಜಗಳಾಡಲಿ. ಪೀರಿಯಡ್ಡು ಸಾಲದಿದ್ದರೆ ಮುಂದಿನ ಪಾಠ ನಾಳೆಗಿರಲಿ.